ಮಗುಚಿದ ದೋಣಿಗೆ ಮರಿಯ ಕಡೆಯಿಂದ ಹತ್ತುವುದು

ನಲವತ್ತೆರಡನೆಯ ವಯಸ್ಸಿನಲ್ಲಿ ನಾನು ದೋಣಿ ಮಗುಚುವುದನ್ನು ಕಲಿತೆ. ನಡೆಸುವುದನ್ನು ಎರಡೇ ದಿನದಲ್ಲಿ ಕಲಿತಿದ್ದೆ, ಅದೇನು ಮಹಾ ವಿದ್ಯೆಯಲ್ಲ. ಬೇಕೆಂದೇ ಮಗುಚಿ, ನೀರು ಕುಡಿದು, ಸಾಯದೆ ಅದನ್ನು ನೆಟ್ಟಗೆ ಮಾಡಿ ಮತ್ತೆ ಒಳಗೆ ಹತ್ತಿ ಕೂರುವುದಕ್ಕೆ ಮೂರು ವಾರ ಬೇಕಾಯಿತು. ಆ ಮೂರು ವಾರದಲ್ಲಿ ನನ್ನ ಗಂಡನನ್ನು ಬೈದಷ್ಟು ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಎಲ್ಲ ಸೇರಿಸಿಯೂ ಬೈದಿರಲಿಲ್ಲ. ಬೈಸಿಕೊಳ್ಳುವ ಕೆಲಸವನ್ನೇ ಅವರು ಮಾಡಿದ್ದರು.

ನಮ್ಮದು ಮರಾಠಿ ಸೀಮೆಯ ಉಮರ್ಗಾ ತಾಲ್ಲೂಕಿನ ಅಂಚಿನ ಊರು. ಊರಿನ ಬೆನ್ನಿಗೇ ಧರಣದ ಹಿನ್ನೀರು. ಪುಸ್ತಕದಲ್ಲಿ ಅದನ್ನು ಅಣೆಕಟ್ಟು ಎನ್ನುತ್ತಾರೆ. ನಮ್ಮೂರಲ್ಲಿ ಹಾಗೆಂದರೆ ಯಾರೂ ತಿರುಗಿ ನೋಡುವುದಿಲ್ಲ, ಧರಣ ಎನ್ನಬೇಕು. ನೀರಿನ ಆಚೆ ದಡದಿಂದ ನಿಲಂಗಾಕ್ಕೆ ನೆಟ್ಟನೆಯ ರಸ್ತೆ. ನಡುವೆ ಒಂದು ಪೂಲ್, ಅಂದರೆ ಸೇತುವೆ, ಇತ್ತು. ಆ ವರ್ಷದ ಮಳೆಗೆ ಅದರ ಅರ್ಧ ಭಾಗ ಕಿತ್ತುಕೊಂಡು ಹೋಯಿತು. ಉಳಿದ ಅರ್ಧ ನೀರಿನ ಮಧ್ಯೆ ಯಾರಿಗೂ ಬೇಡವಾಗಿ ನಿಂತಿತ್ತು.

ಬೇರೆಯವರಿಗೆ ಅದರಿಂದ ತಕಲೀಫು, ಅಷ್ಟೆ. ನನ್ನ ಗಂಡನಿಗೆ ಹಾಗಲ್ಲ. ಅವರ ಎರಡೂ ಮೂತ್ರಪಿಂಡ ಕೆಲಸ ನಿಲ್ಲಿಸಿ ಒಂದು ವರ್ಷವಾಗಿತ್ತು. ಸೋಮವಾರ ಮತ್ತು ಗುರುವಾರ ನಿಲಂಗಾದ ದವಾಖಾನೆಯಲ್ಲಿ ಡಯಾಲಿಸಿಸ್. ಪೂಲ್ ಹೋದ ಮೇಲೆ ಮೊದಲು ಉಮರ್ಗಾಕ್ಕೆ ಹೋಗಿ, ಅಲ್ಲಿ ಬಸ್ಸು ಬದಲಿಸಿ, ಕಾಸಾರಶಿರಸಿಯ ಮೇಲೆ ಸುತ್ತು ಹಾಕಿ ನಿಲಂಗಾ ಮುಟ್ಟಬೇಕಿತ್ತು. ಹೋಗಲು ಅರ್ಧ ದಿನ, ಬರಲು ಅರ್ಧ ದಿನ, ನಡುವೆ ಯಂತ್ರದ ಮುಂದೆ ನಾಲ್ಕು ತಾಸು. ಒಂದು ಗುರುವಾರ ಬರುವಾಗ ಕಾಸಾರಶಿರಸಿಯ ಬಸ್ ಸ್ಟ್ಯಾಂಡಿನಲ್ಲಿ ಅವರು ನನ್ನ ಕೈಯಲ್ಲೇ ಎಚ್ಚರ ತಪ್ಪಿ ಕುಸಿದರು. ಮುಂದಿನ ಸೋಮವಾರ ಬಸ್ಸೇ ಬರಲಿಲ್ಲ. ಅದರ ಮುಂದಿನ ಗುರುವಾರ ಬಸ್ಸು ಬಂದರೂ ಇವರು ಏಳಲಿಲ್ಲ. ಕಾಲು ಊದಿ ಕಂಬವಾಯಿತು, ಮಲಗಿದರೆ ಉಸಿರು ಸಿಗದೆ ಗೋಡೆಗೆ ಆತು ಕೂತಿರುತ್ತಿದ್ದರು. ಕಡೆಗೆ ಜೀಪು ಮಾಡಿಕೊಂಡು ಹೋದಾಗ ಡಾಕ್ಟರು ನನ್ನನ್ನು ಹೊರಗೆ ಕರೆದು, ಹೀಗೆ ಪಾಳಿ ತಪ್ಪಿಸುತ್ತ ಹೋದರೆ ದೀಪಾವಳಿ ನೋಡುವುದಿಲ್ಲ ಎಂದು ಮರಾಠಿಯಲ್ಲಿ ಸ್ಪಷ್ಟವಾಗಿ ಹೇಳಿದರು. ದೀಪಾವಳಿಗೆ ಎರಡು ತಿಂಗಳಿತ್ತು.

ನಿಲಂಗಾದಲ್ಲಿ ಬಾಡಿಗೆಗೆ ಒಂದು ಖೋಲಿ ಹಿಡಿಯೋಣ ಎಂದೆ. "ಎಮ್ಮಿ ಯಾರ ಹಿಂಡ್ತಾರ? ಸೋಯಾ ಯಾರ ಕೊಯ್ತಾರ?" ಎಂದರು. ಉದಗೀರದಲ್ಲಿ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುವ ಮಗಳು ಫೋನಿನಲ್ಲಿ ಅತ್ತಳು. ಅದಕ್ಕೂ ಜಗ್ಗಲಿಲ್ಲ. ನಾಲ್ಕನೆಯ ದಿನ ಹಾಸಿಗೆಯ ಮೇಲೆ ಎದ್ದು ಕೂತು, "ಒಂದ್ ದೋಣಿ ಮಾಡಸ್ತೀನಿ" ಎಂದರು. ಜ್ವರ ತಲೆಗೇರಿದೆ ಎಂದುಕೊಂಡು ನಾನು ಹಣೆ ಮುಟ್ಟಿ ನೋಡಿದೆ.

ಅವರಿಗೆ ದೋಣಿ ಗೊತ್ತಿರಲು ಕಾರಣವಿತ್ತು. ಮದುವೆಯಾದ ಹೊಸದರಲ್ಲಿ ಆರು ವರ್ಷ ಲಾರಿ ಹೊಡೆಯುತ್ತಿದ್ದರು, ಕೊಂಕಣದ ಕಡಲ ದಂಡೆಯಿಂದ ಸೊಲ್ಲಾಪುರಕ್ಕೆ. ಲಾರಿಯಲ್ಲಿ ಇರುತ್ತಿದ್ದುದು ಮೀನು. ಲಿಂಗ ಕಟ್ಟಿಕೊಂಡ ಮನೆಯವರು ನಾವು; ಬೆಳ್ಳುಳ್ಳಿಗೂ ಮುಖ ಸಿಂಡರಿಸುವ ನನ್ನ ಅತ್ತೆಗೆ ಅದನ್ನು ಹೇಳುವುದುಂಟೇ? ತೆಂಗಿನಕಾಯಿ ಎಂದಿದ್ದರು. ಆಕೆ ಸಾಯುವವರೆಗೂ ಮಗ ತೆಂಗಿನಕಾಯಿಯನ್ನೇ ಸಾಗಿಸಿದ ಎಂದು ನಂಬಿದ್ದಳು. ಲೋಡು ತುಂಬುವ ತನಕ ದಂಡೆಯ ಮೇಲೆ ಕಾಯುತ್ತ, ಕಾಯುತ್ತ, ಅಲ್ಲಿಯ ಸಣ್ಣ ದೋಣಿಗಳ ವಿಷಯ ಎಲ್ಲ ತಿಳಿದುಕೊಂಡಿದ್ದರು. ಅಲ್ಲಿ ಇಕ್ಕಟ್ಟಾದ ಉದ್ದನೆಯ ದೋಣಿಯ ಪಕ್ಕಕ್ಕೆ, ಎರಡು ತೋಳು ಚಾಚಿ, ಒಂದು ಹಗುರ ಮರದ ತುಂಡನ್ನು ಕಟ್ಟುತ್ತಾರಂತೆ. ಅದು ನೀರಿನ ಮೇಲೆ ಜೊತೆಗೇ ತೇಲುತ್ತ ಬಂದು ದೋಣಿ ಹೊರಳದಂತೆ ತಡೆಯುತ್ತದಂತೆ.

ಕಾಸಾರಶಿರಸಿಯಲ್ಲಿ ಕಾಳಿನ ಕಣಜ ಮಾಡುವ ತಗಡಿನ ಪತ್ರೆ ಕೆಲಸದವನಿಂದ ಉದ್ದನೆಯ ತೊಟ್ಟಿಯಂಥ ದೋಣಿ ಮಾಡಿಸಿದರು. ಅದರ ಎರಡೂ ತುದಿಗೆ ಥರ್ಮಾಕೋಲ್ ತುಂಬಿಸಿದರು. ಪಕ್ಕಕ್ಕೆ ಬಿದಿರಿನ ಎರಡು ತೋಳು. ತೋಳಿನ ತುದಿಗೆ, ಮರದ ಬದಲು, ಬೋರ್‌ವೆಲ್ಲಿನ ದಪ್ಪ ಪೈಪು, ಎರಡೂ ಬಾಯಿ ಮುಚ್ಚಿದ್ದು. ಹಿಂಬದಿಯ ನೆರೆಮನೆಯವಳು, ಬೀರಪ್ಪ ದೇವರ ಒಕ್ಕಲಿನ ಕುರಿಯವರ ಹೆಂಗಸು, ಅದನ್ನು ನೋಡಿ, "ಅಯ್ಯ, ದೋಣಿಗೊಂದು ಮರಿ ಕಟ್ಟೀರಲ್ರೀ! ತಾಯಿ ಬಾಜೂಕ ಹೆಂಗ ನಿಂತದ ನೋಡ್ರಿ" ಎಂದು ನಕ್ಕಳು. ಅಂದಿನಿಂದ ನಾವೆಲ್ಲ ಆ ಪೈಪನ್ನು ಮರಿ ಎಂದೇ ಕರೆದೆವು.

ಹುಟ್ಟು ಹಾಕುವವಳು ನಾನೇ. ಇವರ ಎಡಗೈಯಲ್ಲಿ, ಯಂತ್ರದ ಸೂಜಿ ಚುಚ್ಚಲೆಂದು, ನರಕ್ಕೆ ನರ ಕೂಡಿಸಿದ್ದರು. ಆ ಕೈಯಲ್ಲಿ ಭಾರ ಎತ್ತುವಂತಿಲ್ಲ, ಯಾರೂ ಅದನ್ನು ಹಿಡಿದು ಎಳೆಯುವಂತಿಲ್ಲ. ಅದು ಹರಿದರೆ ಸ್ವಲ್ಪ ಹೊತ್ತಿನಲ್ಲೇ ರಕ್ತ ಬಸಿದು ಹೋಗುತ್ತದೆ ಎಂದು ನರ್ಸ್ ಎಚ್ಚರಿಸಿದ್ದಳು.

ಮೂರನೆಯ ದಿನ, ನಾನು ಹುಟ್ಟು ಹಾಕುತ್ತ ಹೋಗಿ ತಿರುಗಿ ಬಂದು ಜಂಬದಿಂದ ಇಳಿಯುವಷ್ಟರಲ್ಲಿ, ದಂಡೆಯ ಕಲ್ಲಿನ ಮೇಲೆ ಛತ್ರಿ ಹಿಡಿದು ಕೂತಿದ್ದ ಅವರು, "ಈಗ ಅದನ್ನ ಪಲ್ಟಿ ಮಾಡು" ಎಂದರು.

"ಯಾಕ?"

"ಪಲ್ಟಿ ಆದಾಗ ಕಲೀಲಾಕ ಆಗಂಗಿಲ್ಲ. ಮೊದಲs ಕಲೀಬೇಕು. ಅಲ್ಲಿ ಹೊಸಬರಿಗೆಲ್ಲ ಹಂಗs ಮಾಡಸ್ತಿದ್ರು."

ನನಗೆ ಈಜು ಬರುತ್ತಿರಲಿಲ್ಲ. ಅವರ ಹಳೇ ಪ್ಯಾಂಟು, ಅಂಗಿ ಹಾಕಿಕೊಂಡು, ಊರಿನವರು ಎಲ್ಲಿ ನೋಡುತ್ತಾರೋ ಎಂದು ನಾಚಿಕೆಯಿಂದ ಸಾಯುತ್ತ, ಎದೆಮಟ್ಟದ ನೀರಿಗೆ ಹೋದೆ. ಕುರಿಯವಳನ್ನು ಕಾವಲಿಗೆ ನಿಲ್ಲಿಸಿಕೊಂಡಿದ್ದೆ. ಆಕೆ ವರ್ಷಕ್ಕೆರಡು ಸಲ ಉಣ್ಣೆ ಕತ್ತರಿಸುವ ಮೊದಲು ಕುರಿಗಳನ್ನು ಇದೇ ನೀರಲ್ಲಿ ಹಿಡಿದು ತೊಳೆಯುವವಳು. ನೀರೆಂದರೆ ಆಕೆಗೆ ಅಂಗಳ. ದೋಣಿಯಲ್ಲಿ ಕೂತು ಮರಿ ಇಲ್ಲದ ಕಡೆಗೆ ಮೈ ವಾಲಿಸಿದೆ. ಮರಿ ಗಾಳಿಗೆ ಎದ್ದಿತು, ದೋಣಿ ನನ್ನ ಮೇಲೆಯೇ ಹೊರಳಿತು.

ನೀರೊಳಗೆ ನನ್ನ ಎರಡೂ ಕೈ ಕೊರಳಿಗೆ ಹೋದವು. ಹಿಡಿಯಲೆಂದು ತೋಳಿಗೆ ಕಟ್ಟಿದ್ದ ಹಗ್ಗಕ್ಕಲ್ಲ, ದೋಣಿಗಲ್ಲ, ಎದೆಯ ಮೇಲೆ ವಸ್ತ್ರದಲ್ಲಿ ಕಟ್ಟಿದ ಲಿಂಗಕ್ಕೆ. ಹುಟ್ಟಿದ ಕೆಲವೇ ದಿನಕ್ಕೆ ಕಟ್ಟಿದ್ದು. ಸ್ನಾನಕ್ಕೂ ಹೆರಿಗೆಗೂ ನನ್ನ ಮೈ ಬಿಟ್ಟಿರಲಿಲ್ಲ. ಲಿಂಗ ಕಳೆದುಕೊಂಡವರು ಬದುಕಿದ್ದೂ ಸತ್ತ ಹಾಗೆ ಎಂದು ನಮ್ಮ ಮನೆಗಳಲ್ಲಿ ಕೇಳುತ್ತ ಬೆಳೆಯುತ್ತೇವೆ. ಬಾಯಿಗೆ, ಮೂಗಿಗೆ ನೀರು ನುಗ್ಗುತ್ತಿದ್ದರೂ ನಾನು ಎರಡೂ ಮುಷ್ಟಿಯಲ್ಲಿ ಅದನ್ನು ಒತ್ತಿ ಹಿಡಿದು ಕಲ್ಲಿನ ಹಾಗೆ ತಳಕ್ಕೆ ಕೂತುಬಿಟ್ಟೆ. ಕುರಿಯವಳು ಅಂಗಿಯ ಕಾಲರು ಹಿಡಿದು ಎತ್ತಿದಳು.

"ಎರಡೂ ಕೈ ಕೊಳ್ಳಾಗ ಇಟಗೊಂಡ್ರ ಹಗ್ಗಾ ನಿಮ್ಮಪ್ಪ ಹಿಡೀತಾನೇನು?" ದಂಡೆಯ ಮೇಲಿಂದ ಇವರು ಕೂಗಿದರು.

"ನಮ್ಮಪ್ಪನ ಸುದ್ದಿಗೆ ಬರಬ್ಯಾಡ್ರಿ! ತಲಿ ಕೆಟ್ಟದ ನಿಮಗ!" ಎಂದು ನಾನು ಕೆಮ್ಮುತ್ತ, ಸಿಂಬಳ ಸುರಿಸುತ್ತ ಕೂಗಿದೆ.

ನಾಲ್ಕು ದಿನ ಅದೇ ಕಥೆ. ಇವತ್ತು ಹಗ್ಗವನ್ನೇ ಹಿಡಿಯುತ್ತೇನೆ ಎಂದು ಆಣೆ ಮಾಡಿ ಇಳಿಯುತ್ತಿದ್ದೆ, ನೀರು ತಲೆಯ ಮೇಲೆ ಬಂದೊಡನೆ ಕೈ ತನ್ನಷ್ಟಕ್ಕೆ ತಾನೇ ಎದೆಗೆ ಹೋಗುತ್ತಿತ್ತು. ಟವೆಲ್ಲಿನಿಂದ ಬಿಗಿದು ಕಟ್ಟಿ ನೋಡಿದೆ. ಆಗಲೂ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಲು ಹೋಗುತ್ತಿತ್ತು. ಅಷ್ಟರಲ್ಲಿ ಸೋಮವಾರ ಬಂತು. ಮತ್ತೆ ಉಮರ್ಗಾ, ಮತ್ತೆ ಕಾಸಾರಶಿರಸಿ, ಬಸ್ಸಿನ ಕಿಟಕಿಯಿಂದ ಇವರು ವಾಂತಿ ಮಾಡಿಕೊಳ್ಳುವುದು, ನಾನು ಬೆನ್ನು ಸವರುವುದು. ಅವತ್ತು ಬರುವಾಗ ಅವರ ಕಾಲಿನ ಮೇಲೆ ಬೆರಳು ಒತ್ತಿದರೆ ಗುಂಡಿ ಬಿದ್ದದ್ದು ಹಾಗೇ ಉಳಿಯುತ್ತಿತ್ತು.

ಮರುದಿನ ಬೆಳಿಗ್ಗೆ ಪೂಜೆ ಮುಗಿದ ಮೇಲೆ ಅವರು ನನ್ನನ್ನು ದೇವರ ಜಗಲಿಯ ಮುಂದೆ ಕೂರಿಸಿಕೊಂಡರು. "ನೀರಿಗೆ ಹೋಗೂ ದಿನ ನಿಂದು ಇಲ್ಲಿ ಬಿಚ್ಚಿಡು. ಬಂದ ಮ್ಯಾಲ ಕಟಗೊ" ಎಂದರು. ನಾನು ಹೌಹಾರಿದೆ. ಹರಳೆಣ್ಣೆ ಕುಡಿದವಳ ಹಾಗೆ ಮುಖ ಮಾಡಿ, ಅತ್ತು, ಎದ್ದು ಹೋಗಲು ನೋಡಿದೆ. ಪೂಜೆಯಾಗದೆ ಒಂದು ಗುಟುಕು ಚಹಾ ಕುಡಿಯದ ಮನುಷ್ಯ, ಔಷಧಿ ತಪ್ಪಿಸಿದರೂ ವಿಭೂತಿ ತಪ್ಪಿಸದವರು. ಅವರೇ ಬಲಗೈಯಿಂದ, ಒಂದೇ ಕೈಯಿಂದ, ನನ್ನ ಕೊರಳಿನ ಗಂಟು ಬಿಚ್ಚಿದರು. ಜಗಲಿಯ ಮೇಲೆ ವಿಭೂತಿಯ ಬಟ್ಟಲ ಪಕ್ಕದಲ್ಲಿಟ್ಟು ಕೈ ಮುಗಿದರು.

ಅಂದು ನೀರೊಳಗೆ ನನ್ನ ಕೈ ಎದೆಗೆ ಹೋಯಿತು, ಅಲ್ಲಿ ಏನೂ ಇರಲಿಲ್ಲ, ತಿರುಗಿ ಹಗ್ಗಕ್ಕೆ ಬಂತು. ಅಂಥ ಬರಿದನ್ನು ನಾನು ಜನ್ಮದಲ್ಲಿ ಮುಟ್ಟಿರಲಿಲ್ಲ. ಆದರೆ ಹಗ್ಗ ಕೈಯಲ್ಲಿತ್ತು.

ಅಲ್ಲಿಂದ ಮುಂದೆ ಕಲಿಕೆ ಲಗೂ, ಬೇಗಬೇಗನೆ, ಸಾಗಿತು. ಮಗುಚಿದ ದೋಣಿಯ ಬೆನ್ನು ಮೇಲೆ ಬಂದಿರುತ್ತದೆ, ಮರಿ ಒಂದು ಪಕ್ಕಕ್ಕೆ ಬಿದ್ದಿರುತ್ತದೆ. ಬಿದಿರಿನ ತೋಳಿಗೆ ಕಟ್ಟಿದ ಹಗ್ಗವನ್ನು ದೋಣಿಯ ಬೆನ್ನಿನ ಮೇಲಿಂದ ಮರಿ ಇಲ್ಲದ ಈಚೆ ಕಡೆಗೆ ಎಸೆದು, ನಾವೂ ಈಚೆ ಬಂದು, ಅಂಚಿಗೆ ಪಾದ ಊರಿ, ಬಾವಿಯಿಂದ ತುಂಬಿದ ಕೊಡ ಜಗ್ಗುವ ಹಾಗೆ ಹಿಂದಕ್ಕೆ ಜಗ್ಗಬೇಕು. ಮರಿ ನೀರಿಂದ ಎದ್ದು, ತಲೆಯ ಮೇಲೆ ಹಾದು, ನಮ್ಮ ಕಡೆಯೇ ಧೊಪ್ಪೆಂದು ಬೀಳುತ್ತದೆ, ತಲೆ ತಪ್ಪಿಸಿಕೊಳ್ಳಬೇಕು. ಮೊದಲ ಸಲ ನನ್ನ ಭುಜಕ್ಕೆ ಬಡಿದು ಎರಡು ದಿನ ರೊಟ್ಟಿ ತಟ್ಟಲಾಗಲಿಲ್ಲ. ಆ ಹೆದರಿಕೆಗೆ ಮರಿಯಿಂದ ದೂರ, ಆಚೆ ಕಡೆಯಿಂದ ಹತ್ತಲು ಹೋದೆ. ನನ್ನ ಭಾರಕ್ಕೆ ಮರಿ ಎದ್ದು ಎಲ್ಲ ಮತ್ತೆ ಪಲ್ಟಿ. "ಮರಿ ಕಡಿಂದs ಹತ್ತು! ಮರಿ ಕಡಿಂದ!" ಎಂದು ಇವರು ಕೂಗಿ ಕೂಗಿ ಗಂಟಲು ಹರಿದುಕೊಂಡರು. ಹತ್ತಿದ ಮೇಲೆ ತುಂಬಿದ ನೀರನ್ನು ಡಬ್ಬಿಯಿಂದ ಮೊಗೆದು ಹಾಕಬೇಕು. ಎರಡನೆಯ ವಾರದ ಕೊನೆಗೆ, ಕಾಲು ನಿಲುಕದ ನೀರಿನಲ್ಲೂ ನಾನು ಒಬ್ಬಳೇ ಇಷ್ಟನ್ನೂ ಮಾಡುತ್ತಿದ್ದೆ. ಬೆನ್ನಿಗೆ ಒಂದು ಖಾಲಿ ಕ್ಯಾನು ಕಟ್ಟಿಕೊಂಡು ನಾಯಿಯ ಹಾಗೆ ನಾಲ್ಕು ಮಾರು ಈಜುವುದೂ ಬಂತು.

"ಇನ್ನ ನೀವೂ ಬರ್ರಿ. ಇಬ್ಬರೂ ಕೂಡಿ ಒಮ್ಮಿ ಪಲ್ಟಿ ಮಾಡಿ ನೋಡೋಣು" ಎಂದೆ.

"ನಂದೇನದ ಅದರಾಗ? ನೀ ಬರೋಬ್ಬರ್ ಕಲತಿ. ಆತು" ಎಂದು ಛತ್ರಿ ಮಡಚಿ ಎದ್ದರು.

ಅಷ್ಟಕ್ಕೆ ನನಗೆ ಏನೂ ಹೊಳೆಯಲಿಲ್ಲ. ಸಂಜೆ ಅವರಿಗೆ ಸ್ನಾನ ಮಾಡಿಸುತ್ತಿದ್ದೆ. ಬೆನ್ನಿಗೆ ನೀರು ಹೊಯ್ಯುವಾಗ ಕೊರಳಲ್ಲಿ ಹೊಸ ದಾರ ಕಂಡಿತು. ಗಟ್ಟಿ ನೈಲಾನಿನ ದಾರ, ಒಂದರ ಮೇಲೊಂದು ಮೂರು ಗಂಟು, ಗಂಟಿನ ಮೇಲೆ ಮೇಣ. "ಇದ್ಯಾಕ? ದೋಣಿ ಹತ್ತೂ ದಿನ ನಿಮ್ದೂ ಬಿಚ್ಚಿಡೂದದ ಅಲಾ?" ಎಂದೆ.

"ನಂದಿರಲಿ."

ಒಂದೇ ಮಾತು. ತಂಬಿಗೆ ನನ್ನ ಕೈಯಲ್ಲೇ ಉಳಿಯಿತು. ನಮ್ಮಲ್ಲಿ ಸತ್ತವರನ್ನು ಅವರ ಲಿಂಗದ ಜೊತೆಯೇ ಮಣ್ಣು ಮಾಡುತ್ತಾರೆ. ಅದು ದೇಹ ಬಿಟ್ಟು ಎಲ್ಲೂ ಹೋಗಬಾರದು. ನನ್ನದು ಮನೆಯಲ್ಲಿ ನನಗಾಗಿ ಕಾಯಬೇಕು, ಇವರದು ನೀರಲ್ಲಿ ಇವರ ಜೊತೆ ಇರಬೇಕು. ಆಗ ಎರಡು ವಾರದ ಪಾಠವೆಲ್ಲ ನನ್ನ ಕಣ್ಣ ಮುಂದೆ ಬಂತು. ಹಗ್ಗ ಹೇಗೆ ಹಿಡಿಯಬೇಕು, ಹೇಗೆ ಜಗ್ಗಬೇಕು, ಯಾವ ಕಡೆ ಹತ್ತಬೇಕು, ಎಲ್ಲ ಹೇಳಿದ್ದರು. ಜೊತೆಗಿದ್ದವನನ್ನು ಹೇಗೆ ಮೇಲೆ ತರಬೇಕು ಎಂಬುದನ್ನು ಒಂದು ದಿನವೂ ಹೇಳಿರಲಿಲ್ಲ. ಒಬ್ಬಳೇ ತಿರುಗಿ ಬರುವುದನ್ನು ಈ ಮನುಷ್ಯ ನನಗೆ ಕಲಿಸುತ್ತಿದ್ದರು.

ನಾನು ತಂಬಿಗೆಯನ್ನು ಗೋಡೆಗೆ ಎಸೆದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಮನೆಹಾಳ ಎಂದೆ, ಕಟುಕ ಎಂದೆ. ಅವರು ಒದ್ದೆ ಮೈಯಲ್ಲಿ ಮಣೆಯ ಮೇಲೆ ಕೂತೇ ಇದ್ದರು. ನಾನು ದಣಿದ ಮೇಲೆ ನಿಧಾನವಾಗಿ ಹೇಳಿದರು: "ನನಗೆ ಒಂದs ಕೈ. ಹಿಡಕೊಂಡು ಹತ್ತಲಾಕ ಆಗಂಗಿಲ್ಲ. ನೀ ನನ್ನ ಎತ್ತಲಾಕ ಹೋದ್ರ ನೀನೂ ಹೋಗ್ತಿ. ಹುಡುಗಿಗೆ ಒಬ್ಬರರ ಇರಬೇಕಲ್ಲ?" ಅದನ್ನು ಎಮ್ಮೆಗೆ ಮೇವು ಹಾಕಿದೆಯಾ ಎಂದು ಕೇಳುವ ದನಿಯಲ್ಲಿ ಹೇಳಿದರು.

ಕುರಿಯವಳ ಮುಂದೆ ಹೋಗಿ ಎಲ್ಲ ಹೇಳಿಕೊಂಡು ಅತ್ತೆ. ಆಕೆ ಜಳಕೋಟದ ಕಡೆಯ ಹುಡುಗಿ, ನನಗಿಂತ ಚಿಕ್ಕವಳು, ಬಾಯಿ ಮಾತ್ರ ನನಗಿಂತ ದೊಡ್ಡದು. ಕೇಳಿಸಿಕೊಂಡು, "ಥೂ, ಗಂಡಸರ ಬುದ್ಧಿ! ನಮ್ಮ ಟಗರು ಇವರಕಿಂತ ದುಪ್ಪಟ್ಟ ಭಾರ ಅದ. ಅದನ್ನ ನಾ ಒಬ್ಬಾಕಿ ನೀರಿಂದ ಎತ್ತೀನಿ. ಇವ್ರದೇನ ತೂಕ?" ಎಂದಳು. ಮರುದಿನ ಟಗರನ್ನೇ ಹೊಡೆದುಕೊಂಡು ಬಂದಳು.

ಹೆದರಿದ ಕುರಿಯ ಮುಂದಿನಿಂದ ಹೋಗಬಾರದು, ಅದು ಮೈಮೇಲೆ ಹತ್ತಿ ನಮ್ಮನ್ನೇ ಮುಳುಗಿಸುತ್ತದೆ. ಹಿಂದಿನಿಂದ ಹೋಗಿ, ಗದ್ದದ ಕೆಳಗೆ ಕೈ ಹಾಕಿ, ಮುಖವನ್ನು ಆಚೆ ತಿರುಗಿಸಿಕೊಂಡು ಎಳೆಯಬೇಕು. ಎತ್ತುವಾಗ ನೇರ ಎತ್ತಲು ಹೋದರೆ ಪೈಲ್ವಾನನಿಗೂ ಆಗುವುದಿಲ್ಲ. "ಮೊದಲ ತಳಕ್ಕ ಒತ್ತು. ನೀರs ಅದನ್ನ ಪುಟಿಸಿ ಮ್ಯಾಲ ಕೊಡ್ತದ. ಪುಟಿಯೂ ಹೊತ್ತಿಗೆ ನೂಕು" ಎಂದು ಟಗರಿನ ಬೆನ್ನನ್ನು ಎರಡೂ ಕೈಯಿಂದ ಅದುಮಿದಳು. ಅದು ತಲೆಸಮೇತ ಮುಳುಗಿ, ಚೆಂಡಿನ ಹಾಗೆ ಎದ್ದು, ಆಕೆಯ ಒಂದು ನೂಕಿಗೆ ಬಂಡೆಯ ಮೇಲೆ ಹೋಗಿ ನಿಂತು ಸೀನಿತು.

ಮರಿ ಮತ್ತು ದೋಣಿಯ ನಡುವೆ, ಎರಡು ತೋಳಿಗೆ ಬಾಜದ ಹಗ್ಗ ಹೆಣೆದು ಹೊರಸಿನಂತೆ, ಹಗ್ಗದ ಮಂಚದಂತೆ, ಮಾಡಿದೆವು, ಮನುಷ್ಯ ಬಂದು ಬಿದ್ದರೆ ಹಿಡಿಯುವ ಹಾಗೆ. ಆಮೇಲೆ ಆಕೆ ತನ್ನ ಎಡಗೈಯನ್ನು ಸೆರಗಿನಿಂದ ಮೈಗೆ ಬಿಗಿದುಕೊಂಡು ನೀರಿಗೆ ಇಳಿದಳು. "ಇವತ್ತಿಂದ ನಾ ನಿನ್ನ ಗಂಡ. ಗಂಡ ಆದ ಮ್ಯಾಲ ನಾ ಏನೂ ಕೆಲಸಾ ಮಾಡಂಗಿಲ್ಲ ನೋಡು, ಸುಮ್ಮ ಬಿದ್ದಿರ್ತೀನಿ" ಎಂದಳು. ಅಳುವಿನ ಮಧ್ಯೆಯೂ ನಗು ಬಂತು. ಅವಳನ್ನು ಒಂದು ವಾರ ಮುಳುಗಿಸಿದೆ, ಎತ್ತಿದೆ, ಬೀಳಿಸಿದೆ. ಮೊದಮೊದಲು ಒತ್ತಲು ಕೈ ಬರುತ್ತಿರಲಿಲ್ಲ, "ಜೋರ ಒತ್ತು, ಪಾಪಾ ಅನಬ್ಯಾಡ!" ಎಂದು ಗದರುತ್ತಿದ್ದಳು. ನನ್ನ ಗಂಡ ಒಂದು ದಿನ ನಾವು ನೀರಿಗೆ ಇಳಿಯುವುದನ್ನು ಕಲ್ಲಿನ ಮೇಲಿಂದ ನೋಡಿ, ಒತ್ತುವುದು ಶುರುವಾಗುವ ಮೊದಲೇ ಎದ್ದು ಮನೆಗೆ ಹೋದರು.

ದೋಣಿಯಲ್ಲಿ ಹೋಗುವುದು ಶುರುವಾಯಿತು. ಅವರ ಬೆನ್ನಿಗೂ ಖಾಲಿ ಕ್ಯಾನು ಕಟ್ಟಿ ಹೊಟ್ಟೆಯ ಮೇಲೆ ಗಂಟು ಹಾಕುತ್ತಿದ್ದೆ. ಎಡಗೈ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮೈಗೆ ಕಟ್ಟುತ್ತಿದ್ದೆ. ಅರ್ಧ ತಾಸಿನಲ್ಲಿ ಆಚೆ ದಡ, ಅಲ್ಲಿಂದ ಆಟೋ. ನಾಲ್ಕು ಸಲ ಹೋಗಿ ಬಂದೆವು. ಕಾಲಿನ ಊತ ಇಳಿಯಿತು, ಎರಡು ರೊಟ್ಟಿ ತಿನ್ನತೊಡಗಿದರು. ಇನ್ನು ಇವರು ಉಳಿದರು ಎಂದೇ ನಾನು ತಿಳಿದೆ.

ಐದನೆಯದು ಸೋಮವಾರ. ಬೆಳಿಗ್ಗೆ ಹೊರಟಾಗ ಗಾಳಿ ಇರಲಿಲ್ಲ. ನಡುನೀರಿಗೆ ಹೋಗುವಷ್ಟರಲ್ಲಿ ಎದ್ದಿತು. ಅಲ್ಲಿ ಮುಳುಗಿದ ಹೊಲದ ಜಾಲಿ ಗಿಡಗಳು ಇನ್ನೂ ನೀರಿನೊಳಗೆ ನಿಂತಿವೆ. ಒಂದರ ಕೊಂಬೆಗೆ ಮರಿ ಸಿಕ್ಕಿಕೊಂಡಿತು. ಬಿಡಿಸಲು ಹುಟ್ಟು ಒತ್ತಿದೆ, ಕೊಂಬೆ ಪಟ್ಟನೆ ಬಿಟ್ಟಿತು, ಅದೇ ಹೊತ್ತಿಗೆ ಗಾಳಿ ತಳ್ಳಿತು. ಆಕಾಶ ತಿರುಗಿದ್ದು ಗೊತ್ತು. ಆಮೇಲೆ ಕೆಸರು ಬಣ್ಣದ ನೀರು.

ಕೈಗೆ ಹಗ್ಗ ಸಿಕ್ಕಿತು. ಮೇಲೆ ಬಂದೆ. ಇವರು ಬಲಗೈಯಿಂದ ಮರಿಯನ್ನು ಹಿಡಿದು ತೇಲುತ್ತಿದ್ದರು. "ಬಿಡ್ರಿ, ನಾ ಪಲ್ಟಿ ಹೊಡಸ್ತೀನಿ, ಆಮ್ಯಾಲ ದೋಣಿ ಹಿಡೀರಿ!" ಎಂದು ಕೂಗಿದೆ. ಬಿಟ್ಟರು. ಜಗ್ಗಿದೆ. ಮೊದಲ ಸಲ ಆಗಲಿಲ್ಲ, ಎರಡನೆಯ ಸಲಕ್ಕೆ ಮರಿ ಎದ್ದು ನನ್ನ ಕಡೆ ಬಿತ್ತು, ದೋಣಿ ನೆಟ್ಟಗಾಯಿತು. ಆಚೆ ನೋಡಿದೆ. ಅವರು ದೋಣಿ ಹಿಡಿದಿರಲಿಲ್ಲ. ನಾಲ್ಕು ಮಾರು ದೂರದಲ್ಲಿ, ಕ್ಯಾನಿನ ಮೇಲೆ ತೇಲುತ್ತಿದ್ದರು. ಅವರ ಬಲಗೈ ಹೊಟ್ಟೆಯ ಮೇಲಿನ ಗಂಟು ಬಿಚ್ಚುತ್ತಿತ್ತು.

"ನೀ ಹತ್ತು" ಎಂದರು. "ಹತ್ತಿ ಹೋಗು. ನನ್ನ ನೋಡಬ್ಯಾಡ."

ಆ ಗಂಟನ್ನು ಹಾಕಿದವಳು ನಾನು, ಅದು ಒದ್ದೆಯಾಗಿತ್ತು, ಒಂದೇ ಕೈಗೆ ಬಿಚ್ಚಲು ಬರಲಿಲ್ಲ. ಬಂದಿದ್ದರೆ ಇದನ್ನು ಹೀಗೆ ಬರೆಯುತ್ತಿರಲಿಲ್ಲ. ಹಗ್ಗದ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ದೋಣಿಯ ಮೂತಿ ಸುತ್ತಿ, ಅವರ ಬೆನ್ನ ಹಿಂದಿನಿಂದ ಹೋದೆ. ಗದ್ದದ ಕೆಳಗೆ ಕೈ ಹಾಕಿ ಮುಖ ಆಚೆ ತಿರುಗಿಸಿದೆ. "ಬಿಡು, ಬಿಡs" ಎನ್ನುತ್ತಿದ್ದರು, ನನ್ನ ಬೆರಳು ಕೀಳುತ್ತಿದ್ದರು. ಬಾಯಲ್ಲಿ ಹಗ್ಗವಿತ್ತು, ಬೈಯಲಿಕ್ಕೂ ಆಗಲಿಲ್ಲ. ಹಗ್ಗ ಜಗ್ಗುತ್ತ, ಜಗ್ಗುತ್ತ, ಹೆಣೆದ ಹೊರಸಿನ ತನಕ ಎಳೆದು ತಂದೆ. ಉಸಿರು ಮುಗಿದಿತ್ತು, ತೊಡೆ ಸೆಟೆದಿತ್ತು. ಈ ಸಲ ಆಗದಿದ್ದರೆ ಮತ್ತೊಂದು ಸಲಕ್ಕೆ ನನ್ನಲ್ಲಿ ಬಲವಿಲ್ಲ ಎಂದು ಗೊತ್ತಿತ್ತು.

ಅವರ ಎರಡೂ ಭುಜದ ಮೇಲೆ ಕೈಯಿಟ್ಟೆ. ಅವರು ತಲೆ ತಿರುಗಿಸಿ ನನ್ನನ್ನು ನೋಡಿದರು. ಒತ್ತುತ್ತಿದ್ದೇನೆ ಎಂದು ಗೊತ್ತಾಯಿತು ಅವರಿಗೆ. ನಾನು ಕೊನೆಗೂ ಒಪ್ಪಿದೆ ಎಂದು ತಿಳಿದರು. ಮುಖದ ಗಂಟೆಲ್ಲ ಸಡಿಲವಾಯಿತು, ಒಳ್ಳೆಯದು ಎನ್ನುವ ಹಾಗೆ ಒಮ್ಮೆ ತಲೆ ಆಡಿಸಿ ಕಣ್ಣು ಮುಚ್ಚಿದರು. ನಾನು ಅವರನ್ನು, ನನ್ನ ಕೈಯಾರೆ, ತಲೆಸಮೇತ ನೀರೊಳಗೆ ಅದುಮಿದೆ.

ನೀರು ಅವರನ್ನು ಪುಟಿಸಿ ಕೊಟ್ಟಿತು. ಸೊಂಟಕ್ಕೆ ತಲೆ ಕೊಟ್ಟು ನೂಕಿದೆ. ಎದೆ ಬಿದಿರಿನ ಮೇಲೆ ಬಿತ್ತು; ಒಂದು ಕಾಲು ಎತ್ತಿ ಹಾಕಿದೆ, ಇನ್ನೊಂದು ಕಾಲು ಎತ್ತಿ ಹಾಕಿದೆ. ಹೊರಸಿನ ಮೇಲೆ ಮಗ್ಗುಲಾಗಿ ಬಿದ್ದು ನೀರು ಕಕ್ಕಿದರು. ಮೊದಲು ಎಡಗೈ ಮುಟ್ಟಿ ನೋಡಿದೆ, ಪ್ಲಾಸ್ಟಿಕ್ಕಿನ ಒಳಗೆ ನರ ಮಿಡಿಯುತ್ತಿತ್ತು. ಆಮೇಲೆ ನಾನೂ ಅವರನ್ನು ದಾಟಿಕೊಂಡು ದೋಣಿಯೊಳಗೆ ಉರುಳಿದೆ.

ಕೆಮ್ಮು ನಿಂತ ಮೇಲೆ ಅವರು, "ಯಾಕ ತಗದಿ? ನೀ ಹೋಗಬೇಕಿತ್ತು" ಎಂದರು.

ನಾನು ಬಗ್ಗಿ ಅವರ ಕೆನ್ನೆಗೆ ಹೊಡೆದೆ. ಜೋರಾಗಿಯೇ ಹೊಡೆದೆ, ಕೈ ಚುರ್ರೆಂದಿತು. ನಮ್ಮ ಮನೆತನದಲ್ಲಿ ಹೆಂಗಸು ಗಂಡನ ಹೆಸರನ್ನೂ ಹೇಳುವುದಿಲ್ಲ. "ನನ್ನ ಕೇಳೀರೇನು? ಒಮ್ಮಿಯರ ಕೇಳೀರೇನು?" ಎಂದು ಆ ನಡುನೀರಿನಲ್ಲಿ ಹುಚ್ಚಿಯ ಹಾಗೆ ಕೂಗಿದೆ. "ಹುಡುಗಿಗೆ ಒಬ್ಬರು ಬೇಕಂತ. ನನಗ ಬ್ಯಾಡೇನು? ನನಗ ನೀವು ಬೇಕ್ರೀ. ಮಷೀನಿಗೆ ಹಚ್ಚಿದ್ರೂ ಬೇಕು, ಹಾಸಿಗಿ ಹಿಡದ್ರೂ ಬೇಕು. ನನಗ ಬೇಕು!" ಇಪ್ಪತ್ತೆರಡು ವರ್ಷದಲ್ಲಿ ಆ ಮಾತನ್ನು ನಾನು ಅವರಿಗೆ ಹೇಳಿರಲಿಲ್ಲ. ಹೇಳುವ ಮಾತು ಅದು ಎಂದು ಗೊತ್ತೂ ಇರಲಿಲ್ಲ.

ಅವರು ಮುಖ ಆಚೆ ತಿರುಗಿಸಿಕೊಂಡರು, ಬೆನ್ನು ಅಲುಗುತ್ತಿತ್ತು. ಡಬ್ಬಿ ಮುಳುಗಿ ಹೋಗಿತ್ತು. ನಾನು ಎರಡೂ ಕೈಯಿಂದ ದೋಣಿಯ ನೀರು ಮೊಗೆದು ಹೊರಗೆ ಚೆಲ್ಲತೊಡಗಿದೆ. ಗಾಳಿ ನಮ್ಮನ್ನು ಮತ್ತೆ ಜಾಲಿಗಳ ಕಡೆಗೇ ತಳ್ಳುತ್ತಿತ್ತು, ನೀರು ಕಡಿಮೆಯಾದಂತೆಯೇ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಸಪ್ಪಳವಾಯಿತು. ಅವರು ಹೊರಸಿನ ಮೇಲೆ ಹೊರಳಿ, ದೋಣಿಯೊಳಗೆ ಬಲಗೈ ಇಳಿಬಿಟ್ಟು, ಒಂದು ಅಂಗೈ ನೀರು ಎತ್ತಿ ಹೊರಗೆ ಹಾಕಿದರು. ಅರ್ಧ ಬೆರಳ ಸಂದಿನಲ್ಲೇ ಸೋರಿತು. ಮತ್ತೊಂದು ಅಂಗೈ ಎತ್ತಿದರು.

"ಲಗೂ ಮಾಡು" ಎಂದರು. "ದವಾಖಾನ್ಯಾಗ ನನ್ನ ಪಾಳಿ ಬೇರೇದಾವರಿಗೆ ಕೊಟ್ಟಾರು."